ಜಾವಾ 42 ಎಫ್‌ಜೆ: ಗಾಡಿ ಸೂಪರ್, ಆದ್ರೆ ಮಾರೋದ್ ಹಿಂಗಾ?

ಜಾವಾ 42 ಎಫ್‌ಜೆ ಬೈಕ್ ಓಡ್ಸಿ ನೋಡ್ದೆ. ಮೊದ್ಲೇ ಹೇಳ್ಬಿಡ್ತೀನಿ, ಗಾಡಿ ನಂಗೆ ಇಷ್ಟ ಆಯ್ತು. ಇಷ್ಟ್ ಚೆನ್ನಾಗಿರೋ ಗಾಡಿ ರೋಡಲ್ಲಿ ಯಾಕೆ ಇಷ್ಟ್ ಕಮ್ಮಿ ಕಾಣ್ಸುತ್ತೆ ಅನ್ನೋದೇ ಈ ರಿವ್ಯೂನಲ್ಲಿ ಮುಕ್ಕಾಲು ಪಾಲು ಇರುತ್ತೆ, ಹಾಗಾಗಿ ಬರೀ ಮೈಲೇಜ್ ಎಷ್ಟು ಗುರೂ ಅಂತ ಬಂದಿರೋರು ಬೇರೆ ಕಡೆ ನೋಡ್ಕೊಳ್ಳಿ.

334 ಸಿಸಿ, ಸಿಂಗಲ್ ಸಿಲಿಂಡರ್, ಲಿಕ್ವಿಡ್ ಕೂಲ್ಡ್, ಹತ್ತಿರ ಹತ್ತಿರ 29 ಪಿಎಸ್ (ಇಂಜಿನ್ ಪವರ್ ಲೆಕ್ಕ), ಆರು ಗೇರು, ಗೇರ್ ಇಳ್ಸಿದಾಗ ಹಿಂದಿನ ಚಕ್ರ ಜಗ್ಗದ ಹಾಗೆ ನೋಡ್ಕೊಳ್ಳೋ ಸ್ಲಿಪ್ಪರ್ ಕ್ಲಚ್. ಪಕ್ಕದಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇಟ್ಟು ನೋಡಿ, ಅದು 20 ಚಿಲ್ಲರೆ ಪಿಎಸ್, ಐದೇ ಗೇರು. ನೋಡೋಕೆ ಎರಡೂ ಹಳೇ ಕಾಲದ ಗಾಡಿ ಥರಾನೇ ಇದ್ರೂ ಓಡೋ ರೀತಿ ಪೂರ್ತಿ ಬೇರೆ. ಬುಲೆಟ್ ಅಂದ್ಕೊಂಡು ಕೂತು, ಮೇಲಿನ ಗೇರಿಗೆ ಹಾಕಿ ನಿಧಾನಕ್ಕೆ ಡುಗುಡುಗು ಅಂತ ಹೋಗ್ತೀನಿ ಅಂದ್ರೆ ಈ ಇಂಜಿನ್ ನಿಮ್ಗೆ ಸೇರಲ್ಲ. ಒಂದು ಗೇರ್ ಕೆಳಗೆ ಇಟ್ಟು, ಸ್ವಲ್ಪ ಥ್ರಾಟಲ್ ಕೊಟ್ಟು, ಇಂಜಿನ್ ಕೂಗೋಕೆ ಬಿಟ್ರೆ ಆವಾಗ ಗೊತ್ತಾಗುತ್ತೆ ಮಜಾ. ಟ್ಯಾಂಕ್ ಪಕ್ಕದಲ್ಲಿ ಅಲ್ಯೂಮಿನಿಯಂ ತಗಡು ಹಾಕಿ ಅದ್ರ ಮೇಲೆ ದೊಡ್ಡದಾಗಿ ಜಾವಾ ಅಂತ ಬರ್ದಿದಾರೆ, ಫೋಟೋದಲ್ಲಿ ಓವರ್ ಅನ್ಸಿತ್ತು, ಎದುರಿಗೆ ನೋಡಿದ್ರೆ ಚೆನ್ನಾಗೇ ಇದೆ. ಸೀಟ್ ತೀರಾ ಎತ್ತರ ಇಲ್ಲ, ಕುಳ್ಳಗಿರೋರ್ಗೂ ಎರಡೂ ಕಾಲು ಆರಾಮಾಗಿ ಊರೋಕಾಗುತ್ತೆ.

ಈಗ ನನ್ ತಕರಾರು. ಈ ಗಾಡಿನ ತಪ್ಪು ಮನುಷ್ಯನಿಗೆ ಮಾರ್ತಾ ಇದಾರೆ.

ಯಾವಾಗ್ ನೋಡಿದ್ರೂ ಹಳೇ ನೆನಪು, ಹಳೇ ನೆನಪು. ಇರ್ಲಿ, ನೆನಪು ಸುಳ್ಳಲ್ಲ, ಅದ್ರಲ್ಲೂ ನಮ್ ಕಡೆ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಶುರುವಾಯ್ತು, ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲ ಇತ್ತು, ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ, 1978ರಿಂದ ರೋಡ್‌ಕಿಂಗ್. ಮೈಸೂರು ಮಂಡ್ಯ ಕಡೆ ಮನೆಗಳಲ್ಲಿ ಚಿಕ್ಕಪ್ಪನೋ ಸೋದರಮಾವನೋ ಯಾರಾದ್ರೊಬ್ರು ಇಟ್ಟೇ ಇರ್ತಿದ್ರು. ಎಡಗಡೆ ಗೇರ್ ಲಿವರ್ ಇದ್ಯಲ್ಲ, ಅದನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗ್ಸಿದ್ರೆ ಕಿಕ್ಕರ್ ಆಗೋದು, ಸ್ಟಾರ್ಟ್ ಮಾಡಿ ವಾಪಸ್ ಕೆಳಕ್ಕೆ ತಳ್ಳಿದ್ರೆ ಮತ್ತೆ ಗೇರ್. ಗೊತ್ತಿಲ್ದೇ ಇರೋರು ಬಲಗಡೆ ಬಗ್ಗಿ ಕಿಕ್ಕರ್ ಹುಡುಕೋರು, ಅದನ್ನ ನೋಡಿ ಓನರ್‌ಗಳಿಗೆ ಒಂದು ಖುಷಿ.

ಆದ್ರೆ ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದ್ರೆ ಇವತ್ತು ಮೊದಲನೇ ಸಂಬಳದಲ್ಲಿ ಇಎಂಐ ಲೆಕ್ಕ ಹಾಕ್ತಿರೋ ಹುಡುಗ್ರು ಹುಡುಗೀರು ಹುಟ್ಟೋಕೂ ಮುಂಚೆ. ಅವ್ರಿಗೆ ಯೆಜ್ಡಿ ಸೌಂಡ್ ಅಂದ್ರೆ ಏನ್ ನೆನಪಾಗ್ಬೇಕು? ನೆನಪಿರೋ ಮಾವ ಶೋರೂಮಿಗೆ ಬರ್ತಾರೆ, ಟ್ಯಾಂಕ್ ಸವರ್ತಾರೆ, ನಮ್ ಕಾಲದಲ್ಲಿ ಅಂತ ಒಂದು ಕಥೆ ಹೇಳ್ತಾರೆ, ಸೆಲ್ಫಿ ತಗೊಂಡು ಮನೆಗ್ ಹೋಗ್ತಾರೆ, ಯಾಕಂದ್ರೆ ಅವ್ರ ಸೊಂಟಕ್ಕೆ ಈಗ ಆಕ್ಟಿವಾನೇ ಸಾಕು. ಇನ್ನು ರೆಟ್ರೋ ಲುಕ್ ನೋಡಿ ಬುಲೆಟ್ ಥರ ಗುಡುಗುಡು ಬೇಕು ಅಂತ ಬಂದೋನು ಒಂದು ರೌಂಡ್ ಹೊಡ್ದು ‘ಫೀಲ್ ಇಲ್ಲ ಮಗಾ’ ಅಂತಾನೆ. ಇಂಜಿನ್ ಕೂಗ್ಸೋಕೆ ಆಸೆ ಇರೋನು ಇದನ್ನ ಅಜ್ಜನ ಗಾಡಿ ಅಂದ್ಕೊಂಡು ಒಳಗೇ ಬರಲ್ಲ. ಮೂರೂ ಜನ ಕೈ ತಪ್ಪಿದ್ರು.

ಹೆಸರುಗಳ ಗೊಂದಲ ಬೇರೆ. 42, 42 ಬಾಬರ್, 42 ಎಫ್‌ಜೆ, 350, ಪೆರಾಕ್, ಇದ್ರ ಜೊತೆ ಅದೇ ಕಂಪನಿಯ ಯೆಜ್ಡಿ ರೋಡ್‌ಸ್ಟರ್, ಸ್ಕ್ರಾಂಬ್ಲರ್, ಅಡ್ವೆಂಚರ್, ಸಾಲ್ದು ಅಂತ 2024ರಲ್ಲಿ ಬ್ರಿಟಿಷ್ ಬ್ರ್ಯಾಂಡ್ ಬಿಎಸ್ಎ ಕೂಡ. ಎಫ್‌ಜೆ ಅಂದ್ರೆ 1929ರಲ್ಲಿ ಜಾವಾ ಶುರು ಮಾಡಿದ ಫ್ರಾಂಟಿಶೆಕ್ ಯಾನೆಚೆಕ್ (František Janeček) ಅಂತೆ, ಗೌರವ ಸರಿ, ಆದ್ರೆ ಅಂಗಡಿಗೆ ಬಂದೋನಿಗೆ 42ಗೂ 42 ಎಫ್‌ಜೆಗೂ ಏನ್ ವ್ಯತ್ಯಾಸ ಅಂತ ಒಂದೇ ವಾಕ್ಯದಲ್ಲಿ ಹೇಳೋ ಹಾಗಿರ್ಬೇಕು ತಾನೇ?

2018 ನವೆಂಬರಲ್ಲಿ ಜಾವಾ ವಾಪಸ್ ಬಂದಾಗ ಇದ್ದ ಕ್ರೇಜ್ ನೆನಪಿದ್ಯಾ? ಬುಕಿಂಗ್ ಎಷ್ಟ್ ಬಂತು ಅಂದ್ರೆ ಡಿಸೆಂಬರ್ 25ಕ್ಕೆ ಆನ್‌ಲೈನ್ ಬುಕಿಂಗೇ ನಿಲ್ಸಿದ್ರು, 2019 ಸೆಪ್ಟೆಂಬರ್‌ವರೆಗೂ ಸೋಲ್ಡ್ ಔಟ್ ಅಂದ್ರು, ಡೆಲಿವರಿ ಶುರುವಾಗಿದ್ದೇ ಮಾರ್ಚ್ ಕೊನೇಲಿ. ಜನ ಆಸೆಪಟ್ಟು ದುಡ್ ಕಟ್ಟಿ ಕಾಯ್ಬೇಕಾಯ್ತು, ಆ ಗ್ಯಾಪಲ್ಲಿ ಎಷ್ಟ್ ಜನ ತಣ್ಣಗಾದ್ರೋ ದೇವ್ರಿಗೇ ಗೊತ್ತು. ಸಣ್ಣ ಬ್ರ್ಯಾಂಡಿಗೆ ಹೈಪ್ ಹುಟ್ಸೋದು ಸುಲಭ, ಹೈಪ್ ಇದ್ದಾಗ ಗಾಡಿ ಕೈಗೆ ಕೊಡೋದೇ ಕಷ್ಟದ ಕೆಲ್ಸ.

ಆಮೇಲೆ ಬರೋದು ಸರ್ವಿಸ್ ಭಯ. ಕಡಿಮೆ ಮಾರಾಟ ಆಗೋ ಯಾವ್ ಗಾಡಿಗಾದ್ರೂ ಇದು ತಪ್ಪಿದ್ದಲ್ಲ. ನಾನು ಹಿಂದೆ ಬೇರೆ ಒಂದು ಕಂಪನಿ ಗಾಡಿ ಇಟ್ಟಿದ್ದೆ, ಹೆಸ್ರು ಬೇಡ, ಯಾರೋ ಪಾರ್ಕಿಂಗಲ್ಲಿ ಗುದ್ದಿ ಮುಂದಿನ ಇಂಡಿಕೇಟರ್ ಮುರ್ದೋಯ್ತು, ಪಾರ್ಟ್ ಬರೋವರ್ಗೂ ಇನ್ಸುಲೇಷನ್ ಟೇಪ್ ಸುತ್ಕೊಂಡು ಓಡಾಡ್ದೆ, ಕೌಂಟರಲ್ಲಿ ಕೇಳ್ದಾಗೆಲ್ಲ ‘ಆರ್ಡರ್ ಹಾಕಿದೀವಿ ಸಾರ್’ ಅನ್ನೋದೊಂದೇ ಉತ್ತರ. ಮಾರೋಕೆ ಹೋದಾಗ ಬ್ರೋಕರ್ ಗಾಡಿ ಸ್ಟಾರ್ಟ್ ಕೂಡ ಮಾಡ್ಲಿಲ್ಲ, ಮೊದ್ಲು ಕೇಳಿದ್ದು ‘ಇದ್ರ ಸಾಮಾನು ಸಿಗುತ್ತಾ?’ ಅಂತ.

ಬುಲೆಟ್ ಮಾರಾಟ ಆಗೋದು ಕಂಪನಿಯೋರು ಗೋವಾದಲ್ಲಿ ಮಾಡೋ ಮೋಟೋವರ್ಸ್ ಬೈಕ್ ಹಬ್ಬದಿಂದ, ಹಿಮಾಲಯನ್ ಒಡಿಸ್ಸಿ ಅನ್ನೋ ಬೆಟ್ಟದ ರೈಡ್ ವೀಡಿಯೊಗಳಿಂದ ಅಂತ ತುಂಬ ಜನ ಅಂದ್ಕೊಂಡಿದಾರೆ. ಅದೂ ಇದೆ. ಆದ್ರೆ ಯಾವ ತಾಲ್ಲೂಕಿಗೆ ಹೋದ್ರೂ ಬುಲೆಟ್ ಬಿಚ್ಚೋ ಒಬ್ಬ ಮೆಕ್ಯಾನಿಕ್ ಇರ್ತಾನಲ್ಲ, ಅವ್ನೇ ಆ ಕಂಪನಿಯ ದೊಡ್ಡ ಸೇಲ್ಸ್‌ಮ್ಯಾನ್. ಅಂಥ ಜಾಲ ಜಾವಾಗೆ ಒಂದೇ ದಿನದಲ್ಲಿ ಬರಲ್ಲ, ಸರಿ. ಹಂಗಂತ ಸುಮ್ನೆ ಕೂರೋದಾ? ಹೊರಗಡೆ ಮೆಕ್ಯಾನಿಕ್‌ಗಳನ್ನ ಕರೆದು ಟ್ರೇನಿಂಗ್ ಕೊಡಿ, ಫ್ಯೂಯಲ್ ಇಂಜೆಕ್ಷನ್ ಗಾಡಿ ಆಗಿರೋದ್ರಿಂದ ತೊಂದ್ರೆ ಕಂಡುಹಿಡಿಯೋ ಸ್ಕ್ಯಾನರ್ ಕೊಡಿ, ಕೂಲಂಟ್ ಹೆಂಗ್ ಬದಲಾಯ್ಸೋದು ತೋರ್ಸಿ, ಅಂಗಡಿ ಮುಂದೆ ಒಂದು ಬೋರ್ಡ್ ಹಾಕಿ. ಹೀರೋನ ಕರ್ಕೊಂಡ್ ಬಂದು ಆಡ್ ಮಾಡೋದಕ್ಕಿಂತ ಅಗ್ಗ.

2025ರಲ್ಲಿ 4 ವರ್ಷ ಅಥವಾ 50,000 ಕಿ.ಮೀ. ವಾರಂಟಿ ಅಂತ ತಂದ್ರು, ಇದು ಈ ಭಯಕ್ಕೆ ನೇರವಾದ ಔಷಧಿ. ಅದೇ ವರ್ಷ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು, ಅದಕ್ಕಿಂತ ದೊಡ್ಡದಕ್ಕೆ 40 ಆಯ್ತು. 334 ಸಿಸಿ ಇಟ್ಕೊಂಡಿರೋರಿಗೆ ಇದಕ್ಕಿಂತ ಅದೃಷ್ಟ ಬೇಕಾ? ನಾನಾಗಿದ್ರೆ ಪೋಸ್ಟರ್ ಮೇಲೆ ಈ ಎರಡೇ ವಿಷಯ ದಪ್ಪಕ್ಷರದಲ್ಲಿ ಹಾಕ್ತಿದ್ದೆ, ‘ಲೆಜೆಂಡ್’ ಗಿಜೆಂಡ್ ಎಲ್ಲ ಕೆಳಗೆ ಸಣ್ಣಕ್ಕೆ.

ನೆನಪು ಬೇಡ್ವೇ ಬೇಡ ಅಂತಿಲ್ಲ. ಅದನ್ನ ಇಟ್ಕೊಂಡಿರೋರ ಕೈಲೇ ಹೇಳ್ಸಿ. ಜುಲೈ ಎರಡನೇ ಭಾನುವಾರ ಇಂಟರ್‌ನ್ಯಾಷನಲ್ ಜಾವಾ ಡೇ ಅಂತ ಬೆಂಗಳೂರು ಮೈಸೂರಲ್ಲಿ ಹಳೇ ಗಾಡಿಯೋರು ಸೇರ್ತಾರೆ, ಟೂ ಸ್ಟ್ರೋಕ್ ಹೊಗೆ ನಡುವೆ ಕಾರ್ಬ್ಯುರೇಟರ್ ಜೆಟ್ ಬಗ್ಗೆ ಜಗಳ ಆಡ್ತಾ ನಿಂತಿರ್ತಾರೆ. ಅಲ್ಲಿಗೆ ಕಂಪನಿಯೋರು ಸ್ಟೇಜ್ ಹಾಕಿ ಮೈಕ್ ಹಿಡ್ಕೊಂಡು ಬರ್ಬಾರ್ದು, ಹಳೇ ಗಾಡಿಗೆ ಬೇಕಾದ ಗ್ಯಾಸ್ಕೆಟ್, ರಬ್ಬರ್, ಕೇಬಲ್ ಇಟ್ಕೊಂಡು ಒಂದು ಟೇಬಲ್ ಹಾಕ್ಲಿ ಸಾಕು. ಆ ಗುಂಪಿನೋರು ಮನೆ ಹುಡುಗನಿಗೆ ‘ತಗೋ, ಒಳ್ಳೆ ಗಾಡಿ’ ಅಂದ್ರೆ ಯಾವ ಇನ್‌ಫ್ಲುಯೆನ್ಸರೂ ಬೇಡ. ಯಾದವಗಿರಿ ಕಾರ್ಖಾನೇಲಿ ಕೆಲ್ಸ ಮಾಡಿದ ಹಿರಿಯರನ್ನ ಕೂರ್ಸಿ ಮೈಸೂರು ಕನ್ನಡದಲ್ಲೇ ಮಾತಾಡ್ಸಿ ವೀಡಿಯೊ ಹಾಕ್ಲಿ, ಮುಚ್ಚಿದಾಗ ಏನಾಯ್ತು ಅನ್ನೋದೂ ಅದ್ರಲ್ಲಿ ಇರ್ಲಿ. ಹೊಸ ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ, ಅದನ್ನೂ ಮುಚ್ಚಿಡ್ಬೇಕಾಗಿಲ್ಲ, ಜನ ದಡ್ಡರಲ್ಲ.

ಇನ್ನು ಟೆಸ್ಟ್ ರೈಡ್. ಯಾವ ಕಂಪನಿ ಶೋರೂಮಿಗೆ ಹೋದ್ರೂ ಎರಡು ಸಿಗ್ನಲ್ ದಾಟ್ಸಿ ಯೂಟರ್ನ್ ಮಾಡ್ಸಿ ವಾಪಸ್ ತರ್ತಾರೆ, ಹಿಂದೆ ಸೇಲ್ಸ್ ಹುಡುಗ ಬೇರೆ ಕೂತಿರ್ತಾನೆ. ಕೂಗ್ಸಿದ್ರೇನೇ ಮಜಾ ಕೊಡೋ ಇಂಜಿನ್‌ಗೆ ಇದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೆ ಕರೀರಿ, ಕನಕಪುರ ರೋಡಲ್ಲಿ ಬಿಡಿ, ಮೈಸೂರಲ್ಲಾದ್ರೆ ಚಾಮುಂಡಿ ಬೆಟ್ಟ ಹತ್ಸಿ ಇಳ್ಸಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ 2023 ಆಗಸ್ಟ್‌ನಿಂದ ಬೈಕ್ ಬಿಡ್ತಿಲ್ಲ, ಹಾಗಾಗಿ ಹೆಂಗೂ ರೈಡರ್‌ಗಳೆಲ್ಲ ಮಳವಳ್ಳಿ ಕಡೆ ತಿರುಗ್ತಿದಾರೆ, ಆ ದಾರೀಲಿ ಒಳ್ಳೆ ತಟ್ಟೆ ಇಡ್ಲಿ ಹೋಟೆಲ್ ಮುಂದೆ ಎರಡು ಡೆಮೋ ಗಾಡಿ ನಿಲ್ಸಿದ್ರೆ ಸಾಕು. ಹುಡುಗೀರನ್ನೂ ಕರೀರಿ, ಹಿಂದಿನ ಸೀಟಲ್ಲಿ ಕೂತು ಫೋಟೋಗೆ ನಗೋಕಲ್ಲ, ಓಡ್ಸೋಕೆ. ಕಾಲು ನೆಲಕ್ಕೆ ಸಿಗೋ 29 ಪಿಎಸ್ ಗಾಡಿ ಮಾರ್ಕೆಟಲ್ಲಿ ತುಂಬ ಇಲ್ಲ.

ರೇಟಿಂಗ್ ಕೇಳಿದ್ರೆ ಗಾಡಿಗೆ ಐದಕ್ಕೆ ನಾಲ್ಕು, ಮಾರೋ ರೀತಿಗೆ ಎರಡು. ತಗೋಬೇಕು ಅಂತಿರೋರು ಶೋರೂಮಲ್ಲಿ ಡಿಸ್ಕೌಂಟ್ ಕೇಳೋಕೂ ಮುಂಚೆ ನಿಮ್ಮೂರಿಗೆ ಹತ್ತಿರ ಇರೋ ಸರ್ವಿಸ್ ಸೆಂಟರ್‌ಗೆ ಹೋಗಿ, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಇಂಡಿಕೇಟರ್ ಸ್ಟಾಕ್ ಇದ್ಯಾ ಅಂತ ಕೇಳಿ, ಹೊರಗಡೆ ಗಾಡಿ ಬಿಟ್ಟು ಕಾಯ್ತಾ ನಿಂತಿರೋ ಓನರ್ ಜೊತೆ ಒಂದು ಟೀ ಕುಡೀರಿ. ಆತ ಏನ್ ಹೇಳ್ತಾನೋ ಅದ್ರ ಮೇಲೆ ಬುಕ್ ಮಾಡಿ.