ಮಾನಸಗಂಗೋತ್ರಿಯ ಎಂಬಿಎ: ಸೀಟಿನಿಂದ ಪ್ರಾಜೆಕ್ಟ್‌ವರೆಗೆ

ಮೈಸೂರು ವಿಶ್ವವಿದ್ಯಾಲಯದ ಬಿ.ಎನ್. ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಸಾಲ ಮಾಡಿ ಖಾಸಗಿ ಕಾಲೇಜಿಗೆ ಸೇರುವ ಮುನ್ನ ಈ ಸೀಟನ್ನು ಒಮ್ಮೆ ಲೆಕ್ಕ ಹಾಕಿ ನೋಡಲೇಬೇಕು. ಕೊಡುವ ಹಣಕ್ಕೆ ಹೋಲಿಸಿದರೆ ಸಿಗುವುದು ಬಹಳ: ವಿಶ್ವವಿದ್ಯಾಲಯದ ಗ್ರಂಥಾಲಯ, ಅದೇ ಆವರಣದಲ್ಲಿ ಅರ್ಥಶಾಸ್ತ್ರ, ವಾಣಿಜ್ಯ, ಸಂಖ್ಯಾಶಾಸ್ತ್ರ ವಿಭಾಗಗಳು, ಅರ್ಧ ಗಂಟೆಯ ದಾರಿಯಲ್ಲಿ ಕಾರ್ಖಾನೆಗಳು. ಇವನ್ನು ಬಳಸಿಕೊಳ್ಳುವ ಕೆಲಸ ಮಾತ್ರ ಪೂರ್ತಿ ವಿದ್ಯಾರ್ಥಿಯದೇ.

ಮೊದಲ ಎಡವಟ್ಟು ಆಗುವುದು ಹೆಸರಿನಲ್ಲಿ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಯ್ಕೆ ಪಟ್ಟಿಯಲ್ಲಿ ‘ಮೈಸೂರು’ ಎಂದು ಕಂಡದ್ದೆಲ್ಲ ಇದೇ ಸಂಸ್ಥೆಯಲ್ಲ. ವಿವಿಗೆ ಸಂಯೋಜಿತವಾದ ಖಾಸಗಿ ಕಾಲೇಜುಗಳಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ (ವಿಟಿಯು) ಮೈಸೂರು ಕೇಂದ್ರದಲ್ಲೂ ಎಂಬಿಎ ಇದೆ. ಪಕ್ಕದ ಮುಕ್ತಗಂಗೋತ್ರಿಯದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಅದರ ದಾರಿಯೇ ಬೇರೆ. ಕಾಲೇಜಿನ ಪೂರ್ತಿ ಹೆಸರು, ಕೋಡ್, ಶುಲ್ಕ ಮೂರನ್ನೂ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ (ಕಾಲೇಜುವಾರು ಸೀಟುಗಳ ಪಟ್ಟಿ) ತಾಳೆ ನೋಡಿದ ಮೇಲೆಯೇ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಆದ್ಯತೆ ನಮೂದು ಮಾಡಿ.

ಕೆಇಎ ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ 100 ಪ್ರಶ್ನೆ, 100 ಅಂಕ, 2 ಗಂಟೆ. ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡುವುದರಲ್ಲಿ ಅರ್ಥವಿಲ್ಲ. ಗಣಿತದ ಲೆಕ್ಕಗಳಲ್ಲಿ ಸಿಕ್ಕಿಕೊಂಡು ಕೊನೆಯಲ್ಲಿ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನದ ಸುಲಭ ಅಂಕ ಕಳೆದುಕೊಳ್ಳುವವರೇ ಹೆಚ್ಚು. ಆ ಎರಡನ್ನು ಮೊದಲು ಮುಗಿಸಿ, ಲೆಕ್ಕಗಳಿಗೆ ಆಮೇಲೆ ಕೈ ಹಾಕುವುದು ಒಳ್ಳೆಯದು.

ಒಳ್ಳೆಯ ರ‍್ಯಾಂಕ್ ಬಂದವರಿಗೂ ಸೀಟು ತಪ್ಪುವುದು ಕಾಗದಪತ್ರದಲ್ಲಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ (ಅದರ ಮೇಲೆ ಮುದ್ರಿತವಾದ ಗುರುತಿನ ಸಂಖ್ಯೆ) ಒಂದು ಅಂಕಿ ತಪ್ಪಿದರೆ, ಅಥವಾ ಅದರಲ್ಲಿರುವ ಹೆಸರು ಅಂಕಪಟ್ಟಿಗೆ ಹೊಂದದಿದ್ದರೆ ಮೀಸಲಾತಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗ್ರಾಮೀಣ ಕೋಟಾಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕು. ಓದಿದ್ದು ಎರಡು ತಾಲ್ಲೂಕಿನ ಶಾಲೆಗಳಲ್ಲಾದರೆ ಎರಡು ಕಚೇರಿ ಅಲೆಯಬೇಕಾಗುತ್ತದೆ. ಫಲಿತಾಂಶ ಬರಲಿ ಎಂದು ಕಾಯದೆ ಪರೀಕ್ಷೆಗೆ ಮುಂಚೆಯೇ ಇದನ್ನು ಮಾಡಿಸಿಟ್ಟುಕೊಳ್ಳಿ.

ಸೇರಿದ ಮೇಲೆ ಕಲಾ ಮತ್ತು ವಿಜ್ಞಾನ ಪದವೀಧರರನ್ನು ಮೊದಲು ಕಾಡುವ ವಿಷಯ ಅಕೌಂಟಿಂಗ್. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್‌ವರೆಗೆ ರಜೆಯಲ್ಲೇ ಕಲಿತು ಹೋದರೆ ಮೊದಲ ಸೆಮಿಸ್ಟರ್ ಅರ್ಧ ಗೆದ್ದಂತೆ. ಸೆಮಿಸ್ಟರ್ ನಡುವಿನ ಮೌಲ್ಯಮಾಪನಗಳಿಗೆ ಇಲ್ಲಿ ಸಿ1, ಸಿ2 ಎನ್ನುತ್ತಾರೆ, ಕೊನೆಯ ಪರೀಕ್ಷೆಗೆ ಸಿ3. ದೊಡ್ಡ ಪಾಲು ಸಿ3ಯದು ಎಂದು ಸಿ1 ಅನ್ನು ಕಡೆಗಣಿಸಿದವರು ಗ್ರೇಡ್‌ನಲ್ಲಿ ಪಶ್ಚಾತ್ತಾಪ ಪಡುತ್ತಾರೆ. ಹಾಜರಾತಿ ಶೇ 75ಕ್ಕಿಂತ ಇಳಿದರೆ ಆ ವಿಷಯವನ್ನೇ ಮತ್ತೆ ಓದಬೇಕಾದೀತು.

ಬೋಧನೆಯ ಬಗ್ಗೆ ಒಂದು ಮಾತು. ರಾಜ್ಯದ ಸಾರ್ವಜನಿಕ ವಿವಿಗಳೆಲ್ಲ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿವೆ. ಅವರ ನೇಮಕ ತಡವಾದ ಸೆಮಿಸ್ಟರ್‌ನಲ್ಲಿ ಪಾಠ ತಡವಾಗಿ ಶುರುವಾಗಿ ಕೊನೆಯ ಘಟಕಗಳು ಅವಸರದಲ್ಲಿ ಮುಗಿದುಹೋಗುತ್ತವೆ. ನೀವು ಆರಿಸಿಕೊಳ್ಳಲಿರುವ ಫೈನಾನ್ಸ್, ಮಾರ್ಕೆಟಿಂಗ್ ಅಥವಾ ಎಚ್‌ಆರ್ ವಿಷಯವನ್ನು ಈ ವರ್ಷ ಯಾರು ತೆಗೆದುಕೊಳ್ಳುತ್ತಿದ್ದಾರೆ ಎಂದು ಸೀನಿಯರ್‌ಗಳನ್ನು ಕೇಳಿ ತಿಳಿದುಕೊಳ್ಳಿ. ಸ್ಪೆಷಲೈಸೇಷನ್ ಆರಿಸುವಾಗ ಈ ಮಾಹಿತಿಗಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ.

ಈ ಊರಿನ ನಿಜವಾದ ಬಲ ಪ್ರಾಜೆಕ್ಟ್‌ನಲ್ಲಿದೆ. ಜೆಕೆ ಟೈರ್, ಟಿವಿಎಸ್, ಬಿಇಎಂಎಲ್, ನಂಜನಗೂಡಿನ ನೆಸ್ಲೆ, ಹಾಲು ಒಕ್ಕೂಟ, ಬಂಡೀಪಾಳ್ಯದ ಎಪಿಎಂಸಿ, ಸೈಕಲ್ ಅಗರಬತ್ತಿಯ ರಂಗರಾವ್ ಅಂಡ್ ಸನ್ಸ್, ಚುನಾವಣೆಯ ಅಳಿಸಲಾಗದ ಶಾಯಿ ತಯಾರಿಸುವ ಮೈಸೂರು ಪೇಂಟ್ಸ್. ಇಷ್ಟು ಬಗೆಬಗೆಯ ಉದ್ಯಮ ಒಂದೇ ಕಡೆ ಸಿಗುವ ಊರುಗಳು ರಾಜ್ಯದಲ್ಲಿ ಕಡಿಮೆ. ಇಷ್ಟಿದ್ದೂ ‘ನೌಕರರ ತೃಪ್ತಿಯ ಅಧ್ಯಯನ’ ಎಂದು ಗೂಗಲ್ ಫಾರ್ಮ್ ಹಂಚಿ, ಗೆಳೆಯರಿಂದ 100 ಉತ್ತರ ತುಂಬಿಸಿ, ಬಣ್ಣದ ಪೈ ಚಾರ್ಟ್ ಅಂಟಿಸಿದ ವರದಿಗಳು ಎಲ್ಲ ಕಾಲೇಜುಗಳಲ್ಲೂ ರಾಶಿ ಬೀಳುತ್ತವೆ. ‘ಈ 100 ಜನರನ್ನು ಹೇಗೆ ಆರಿಸಿದಿರಿ?’ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳಿದ ಕೂಡಲೇ ಅಂಥ ವರದಿ ಕುಸಿಯುತ್ತದೆ.

ಅದರ ಬದಲು ಒಬ್ಬ ವಿತರಕರ ದುಡಿಯುವ ಬಂಡವಾಳವನ್ನು, ಅಂದರೆ ದಿನದ ವ್ಯಾಪಾರ ನಡೆಸಲು ತೊಡಗಿಸಿದ ಹಣವನ್ನು, ಹಿಡಿಯಿರಿ. ವರ್ಷಕ್ಕೆ 3.65 ಕೋಟಿ ರೂಪಾಯಿ ಅಸಲಿನ (ಕೊಂಡ ಬೆಲೆಯ) ಸರಕು ಮಾರಾಟವಾಗುತ್ತದೆ ಎಂದುಕೊಳ್ಳಿ, ಅಂದರೆ ದಿನಕ್ಕೆ 1 ಲಕ್ಷ. ಗೋದಾಮಿನಲ್ಲಿ ಸರಾಸರಿ 45 ಲಕ್ಷದ ದಾಸ್ತಾನು ಇದ್ದರೆ ಅದು 45 ದಿನದ ಸರಕು. ಅಂಗಡಿಯವರು ಹಣ ಕೊಡಲು 60 ದಿನ, ಕಂಪನಿ ವಿತರಕರಿಗೆ ಕೊಟ್ಟಿರುವ ಉದ್ರಿ 30 ದಿನ. 45 ಮತ್ತು 60 ಕೂಡಿಸಿ 30 ಕಳೆದರೆ 75 ದಿನ, ಅಸಲಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ವ್ಯಾಪಾರದಲ್ಲೇ ಸಿಕ್ಕಿಕೊಂಡಿದೆ. ದಾಸ್ತಾನನ್ನು 10 ದಿನ ಇಳಿಸಿದರೆ 10 ಲಕ್ಷ ಬಿಡುಗಡೆಯಾಗುತ್ತದೆ. ಯಾವ ಸರಕನ್ನು ಇಳಿಸಬಹುದು, ಯಾವುದನ್ನು ಇಳಿಸಿದರೆ ಗಿರಾಕಿ ಕೈತಪ್ಪುತ್ತಾರೆ ಎಂಬುದನ್ನು ಬಿಲ್ಲುಗಳಿಂದ ತೋರಿಸಿಕೊಟ್ಟರೆ ಅದೇ ನಿಮ್ಮ ಪ್ರಾಜೆಕ್ಟ್. ಸಂದರ್ಶನದಲ್ಲಿ ಹತ್ತು ನಿಮಿಷ ತಡವರಿಸದೆ ಮಾತಾಡಲು ಇದೊಂದೇ ಸಾಕು. ಕಂಪನಿಗಳು ಅಂಕಿಅಂಶ ಕೊಡಲು ಹಿಂಜರಿಯುತ್ತವೆ. ವಿಭಾಗದ ಪತ್ರದ ಜೊತೆಗೆ, ವರದಿಯಲ್ಲಿ ಹೆಸರು ಮರೆಮಾಡುತ್ತೇವೆ ಎಂದು ಬರೆದುಕೊಟ್ಟರೆ ಸಣ್ಣ ವ್ಯಾಪಾರಿಗಳು ಬೇಗ ಒಪ್ಪುತ್ತಾರೆ.

ಪ್ಲೇಸ್‌ಮೆಂಟ್ ವಿಚಾರಿಸುವಾಗ ಅತಿ ಹೆಚ್ಚಿನ ಸಂಬಳ ಎಷ್ಟು ಎಂದು ಕೇಳಬೇಡಿ, ಆ ಅಂಕಿ ಒಬ್ಬರದು. ತರಗತಿಯಲ್ಲಿ ಎಷ್ಟು ಜನರಿದ್ದರು, ಕ್ಯಾಂಪಸ್‌ನಿಂದ ಎಷ್ಟು ಜನರಿಗೆ ಕೆಲಸವಾಯಿತು, ನಡುವಿನ ಸಂಬಳ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಪಡೆಯುವ ಅಂಕಿ) ಎಷ್ಟು, ಕೆಲಸ ಬರೀ ಸೇಲ್ಸ್‌ನದೇ? ಈ ನಾಲ್ಕನ್ನು ಹಿಂದಿನ ವರ್ಷದ ಇಬ್ಬರು ಮೂವರಿಂದ ಬೇರೆ ಬೇರೆಯಾಗಿ ಕೇಳಿ. ಸೀಟು ಖಚಿತವಾದ ದಿನವೇ ಹಾಸ್ಟೆಲ್ ಅರ್ಜಿ ಮತ್ತು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ (ಎಸ್‌ಎಸ್‌ಪಿ) ಅರ್ಜಿ ವಿಚಾರಿಸಿ. ಎರಡೂ ಪ್ರವೇಶದ ಜೊತೆ ತಾನಾಗಿ ಬರುವುದಿಲ್ಲ, ಕೊನೆಯ ದಿನಾಂಕವೂ ಬೇರೆ ಬೇರೆ.