ಕೊಂಡ ಮೇಲೆ ತಿರುಗಿ ನೋಡದ ಅಂಗಡಿ: ಟಿವಿ ಸುದ್ದಿಯ ಮನಮಿಡಿಯುವ ಕಥೆಗಳ ವಿಮರ್ಶೆ

ಹೊಸ ಮಿಕ್ಸಿ ತಂದರೆ, ಹೊಸ ದರ್ಶಿನಿಯಲ್ಲಿ ದೋಸೆ ತಿಂದರೆ ಅದರ ಗುಣದೋಷವನ್ನು ನಾಲ್ಕು ಜನರಿಗೆ ಹೇಳದೆ ನಮಗೆ ಸಮಾಧಾನವಿಲ್ಲ. ಆದರೆ ದಿನವೂ ನಡುಮನೆಗೆ ಬಂದು ಕೂರುವ ಟಿವಿ ಸುದ್ದಿಯನ್ನು ಬೈಯುತ್ತೇವೆಯೇ ಹೊರತು, ಅದೂ ಒಂದು ಸೇವೆ, ಅದನ್ನೂ ತೂಗಿ ನೋಡಬಹುದು ಎಂದು ಯೋಚಿಸುವುದಿಲ್ಲ. ಕನ್ನಡದ ಸುದ್ದಿ ವಾಹಿನಿಗಳಲ್ಲಿ ಹೆಚ್ಚಿನವು ಉಚಿತವಾಗಿ ಸಿಗುತ್ತವೆ ಎಂಬುದು ನಿಜ. ಆದರೂ ಕೇಬಲ್ಲಿನವನಿಗೆ ತಿಂಗಳ ಹಣ ಕೊಡುತ್ತೇವೆ, ಅದಕ್ಕಿಂತ ಹೆಚ್ಚಾಗಿ ನಮ್ಮ ಸಂಜೆಯನ್ನು ಕೊಡುತ್ತೇವೆ. ಈ ಬರಹದಲ್ಲಿ ನಾನು ತೂಗುತ್ತಿರುವುದು ಆ ಸೇವೆಯ ಒಂದೇ ಒಂದು ತುಣುಕನ್ನು: ಕೊಲೆ, ಅಪಘಾತ, ರಾಜಕಾರಣ ಎಲ್ಲವೂ ಮುಗಿದು ಇನ್ನೇನು ರಾಶಿಫಲ ಶುರುವಾಗಬೇಕು ಎನ್ನುವ ಹೊತ್ತಿಗೆ, ಕೊಳಲಿನ ಹಿನ್ನೆಲೆಯೊಂದಿಗೆ ಬರುವ ಬಡವರ, ಸಾಧಕರ, ದಾನಿಗಳ ಕಥೆ. ಸುದ್ದಿಮನೆಯವರು ಇದನ್ನು ಹ್ಯೂಮನ್ ಇಂಟರೆಸ್ಟ್ ಎನ್ನುತ್ತಾರೆ, ಅವಸರದಲ್ಲಿದ್ದರೆ ಬರೀ ಸಾಫ್ಟ್ ಸ್ಟೋರಿ ಎನ್ನುತ್ತಾರೆ.

ಮೊದಲು ಒಪ್ಪಿಕೊಳ್ಳಬೇಕಾದ ಮಾತು, ಇವುಗಳ ಮುಂದೆ ನನ್ನ ಕಣ್ಣೂ ಒದ್ದೆಯಾಗಿದೆ. ಹರೇಕಳ ಹಾಜಬ್ಬನವರ ಕಥೆಯನ್ನು ಎಷ್ಟು ವಾಹಿನಿಗಳು ಎಷ್ಟು ಸಲ ಹೇಳಿವೆಯೋ ಲೆಕ್ಕವಿಲ್ಲ, ಆದರೂ ಅದು ಬಂದಾಗ ರಿಮೋಟಿನ ಮೇಲಿದ್ದ ಬೆರಳು ನಿಲ್ಲುತ್ತದೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಮನುಷ್ಯನಿಗೆ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಉತ್ತರ ಕೊಡಲಾಗಲಿಲ್ಲ, ಆ ಸಂಕಟವೇ ನ್ಯೂಪಡ್ಪುವಿನಲ್ಲಿ ಒಂದು ಶಾಲೆಯಾಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದ ಸುದ್ದಿ ತಲುಪಿದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ ನಡೆದರು. ಇದರ ಬಲವಿರುವುದು ಪ್ರಶಸ್ತಿಯಲ್ಲಲ್ಲ, ಕಿತ್ತಳೆಯ ಬೆಲೆಯಲ್ಲಿ. ಯಾರಿಗೂ ಲೆಕ್ಕಕ್ಕಿಲ್ಲದ ಒಂದು ಪ್ರಶ್ನೆ ಒಬ್ಬನ ಎದೆಯಲ್ಲಿ ಮುಳ್ಳಾಗಿ ಉಳಿಯಿತು ಎಂಬುದನ್ನು ಕೇಳಿದೊಡನೆ, ಬ್ಯಾಂಕಿನ ಫಾರಂ ಮುಂದೆ, ಆಸ್ಪತ್ರೆಯ ಕೌಂಟರಿನ ಮುಂದೆ ಮಾತು ಹೊರಡದೆ ನಿಂತ ನಮ್ಮದೇ ಒಂದು ದಿನ ನೆನಪಾಗುತ್ತದೆ. ಇಂಥ ಕೆಲಸವನ್ನು ವಿಧಾನಸಭೆಯ ವರದಿ ಮಾಡಲಾರದು.

ಆದರೆ ಅದೇ ಕಥೆಯನ್ನು ಟಿವಿ ಹೇಗೆ ಕತ್ತರಿಸುತ್ತದೆ ಎಂಬುದನ್ನು ಗಮನಿಸಿ. ಒಂದು ಶಾಟ್‌ನಲ್ಲಿ ಬುಟ್ಟಿ ಹೊತ್ತ ಹಾಜಬ್ಬ, ಮುಂದಿನ ಶಾಟ್‌ನಲ್ಲಿ ಶಾಲೆಯ ಕಟ್ಟಡ. ಈ ಎರಡರ ನಡುವೆ ಮಂಜೂರಾತಿಗಾಗಿ, ಜಾಗಕ್ಕಾಗಿ, ಕಟ್ಟಡಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದ ವರ್ಷಗಳಿವೆ. ನನ್ನ ಮಟ್ಟಿಗೆ ಕಥೆಯ ಜೀವ ಇರುವುದೇ ಅಲ್ಲಿ. ಒಂದು ಊರಿಗೆ ಪ್ರಾಥಮಿಕ ಶಾಲೆ ಬೇಕೆಂದರೆ ಹಣ್ಣು ಮಾರುವವನೊಬ್ಬ ತನ್ನ ದಿನದ ಸಂಪಾದನೆಯನ್ನು ಎತ್ತಿಡಬೇಕಾಯಿತು ಎಂಬುದು ಹೆಮ್ಮೆಯ ಸುದ್ದಿಯಾದಷ್ಟೇ ನಾಚಿಕೆಯ ಸುದ್ದಿಯೂ ಹೌದು, ಆದರೆ ಎರಡನೆಯದಕ್ಕೆ ಹಿನ್ನೆಲೆ ಸಂಗೀತ ಹೊಂದುವುದಿಲ್ಲ.

ಹಾಜಬ್ಬನವರೊಂದಿಗೆ ಅಂದೇ ಪದ್ಮಶ್ರೀ ಸ್ವೀಕರಿಸಿದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ವಿಷಯದಲ್ಲೂ ಹೀಗೇ ಆಯಿತು. ಹಾಲಕ್ಕಿ ಸಮುದಾಯದ ಉಡುಗೆ, ಬರಿಗಾಲು, ಕೊರಳ ತುಂಬ ಮಣಿಸರ. ಕ್ಯಾಮೆರಾಕ್ಕೆ ಇನ್ನೇನು ಬೇಕು? ‘ವೃಕ್ಷಮಾತೆ’ ಎಂಬ ಬಿರುದು ಪರದೆಯ ಕೆಳಗೆ ಓಡಿತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅವರು ಬಹುಕಾಲ ದಿನಗೂಲಿಯಾಗಿ ದುಡಿದರು, ಅವರ ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಎಷ್ಟೋ ಕಾಲದಿಂದ ಕೇಳುತ್ತಿದೆ ಎಂಬ ಮಾತು ವಾಯ್ಸ್ ಓವರ್‌ನಲ್ಲಿ ಬಂದರೂ ಅರ್ಧ ವಾಕ್ಯದಲ್ಲಿ ಮುಗಿಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಮತ್ತೆ ಅದೇ ಕೆಂಪು ಹಾಸಿನ ದೃಶ್ಯಗಳು. ಯಾವ ಮರದ ಬೀಜವನ್ನು ಯಾವ ತಿಂಗಳಲ್ಲಿ, ತಾಯಿಮರದ ಯಾವ ಕೊಂಬೆಯಿಂದ ಆರಿಸಬೇಕೆಂದು ಬಲ್ಲವರನ್ನು ಎದುರಿಗೆ ಕೂರಿಸಿಕೊಂಡು ‘ಪ್ರಶಸ್ತಿ ಬಂದಿದ್ದು ಹೇಗನ್ನಿಸುತ್ತಿದೆ’ ಎಂದಷ್ಟೇ ಕೇಳುವುದು, ಒಳ್ಳೆಯ ಬಾಣಸಿಗನ ಮನೆಗೆ ಹೋಗಿ ನೀರು ಕುಡಿದು ಬಂದ ಹಾಗೆ.

ಕಂಬಳದ್ದು ಇನ್ನೊಂದು ಬಗೆ. 2020ರ ಫೆಬ್ರವರಿಯಲ್ಲಿ ಐಕಳದ ಗದ್ದೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ಸುದ್ದಿಯಾದಾಗ ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು, ಉಸೇನ್ ಬೋಲ್ಟ್ ಸೋತೇಹೋದ. ಕೋಣಗಳ ಸೆಳೆತ, ಕೆಸರು, ಸಮಯ ಅಳೆಯುವ ವಿಧಾನ ಯಾವುದನ್ನೂ ಕೇಳದೆ ವಾಹಿನಿಗಳು ಕುಣಿದಾಡಿದವು. ತರಬೇತಿ ಕೇಂದ್ರದ ಆಹ್ವಾನಕ್ಕೆ ಹೋಗದೆ, ಕಂಬಳವೇ ಬೇರೆ ಟ್ರ್ಯಾಕೇ ಬೇರೆ ಎಂಬ ನಿಲುವಿನಲ್ಲಿ ನಿಂತ ಆ ಓಟಗಾರರೇ ಎಲ್ಲರಿಗಿಂತ ವಿವೇಕಿಯಾಗಿ ಕಂಡರು. ಅದೇ ವರ್ಷ ಮಂಡ್ಯ ಜಿಲ್ಲೆಯ ಯುವಕನೊಬ್ಬನ ಡ್ರೋನ್ ಸಾಧನೆಯ ಕಥೆ ಬಂದಿತು, ಜುಲೈ ಹೊತ್ತಿಗೆ ಅದರ ಮುಖ್ಯ ಹೇಳಿಕೆಗಳು ನಿಲ್ಲುವುದಿಲ್ಲವೆಂದು ಸತ್ಯಶೋಧಕರು ತೋರಿಸಿದರು. ಹಳ್ಳಿಯ ಬಡ ಹುಡುಗ, ಗುಜರಿಯ ಬಿಡಿಭಾಗ, ವಿದೇಶದ ಪದಕ. ಇಷ್ಟು ಸೇರಿದರೆ ದಾಖಲೆ ಕೇಳುವುದೇ ಕ್ರೌರ್ಯವೆನಿಸಿಬಿಡುತ್ತದೆ. ಭ್ರಷ್ಟಾಚಾರದ ಆರೋಪವಾದರೆ ಎರಡು ಕಾಗದ ನೋಡುವ ಡೆಸ್ಕು, ಕಣ್ಣೀರಿನ ಕಥೆಯಾದರೆ ಒಂದನ್ನೂ ನೋಡುವುದಿಲ್ಲ.

ಇದಕ್ಕೆಲ್ಲ ಟಿಆರ್‌ಪಿ ಕಾರಣವೆನ್ನುವುದು ಸುಲಭದ ಮಾತು. 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆ ಸುದ್ದಿ ವಾಹಿನಿಗಳ ರೇಟಿಂಗನ್ನೇ ಪ್ರಕಟಿಸಲಿಲ್ಲ. ಆ ಅವಧಿಯಲ್ಲಿ ಕೊಳಲಿನ ಸದ್ದು ಒಂದಿಷ್ಟಾದರೂ ತಗ್ಗಿತೇ ಎಂದು ನೆನಪಿಸಿಕೊಂಡರೆ, ಇಲ್ಲ ಎನ್ನಬೇಕು.

ನೆರವಿನ ಕಾರ್ಯಕ್ರಮಗಳನ್ನು ಬೇರೆಯಾಗಿಯೇ ನೋಡಬೇಕು. ಪಬ್ಲಿಕ್ ಟಿವಿಯಲ್ಲಿ ಎಚ್.ಆರ್. ರಂಗನಾಥ್ ನಡೆಸುವ ‘ಬೆಳಕು’ ಈ ಬಗೆಯಲ್ಲಿ ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು. ಇದರ ದೊಡ್ಡ ಗುಣವೆಂದರೆ ಕಷ್ಟ ಹೇಳಿಕೊಂಡವರು ಮತ್ತು ಕೊಡುವವರು ನಮ್ಮ ಕಣ್ಣೆದುರೇ ಮುಖಾಮುಖಿಯಾಗುತ್ತಾರೆ. ಮಾತಿನಲ್ಲಿ ಉಳಿಯುವ ಕರುಣೆಗಿಂತ ಕೈಗೆ ಬಂದ ಹೊಲಿಗೆ ಯಂತ್ರ ಮೇಲು. ಕೊರೊನಾ ಕಾಲದಲ್ಲಿ ಅದೇ ವಾಹಿನಿ ರೋಟರಿಯೊಂದಿಗೆ ಸೇರಿ ‘ಜ್ಞಾನದೀವಿಗೆ’ ಎಂದು ಸರ್ಕಾರಿ ಶಾಲೆಗಳ ಹತ್ತನೇ ತರಗತಿ ಮಕ್ಕಳಿಗೆ ಟ್ಯಾಬ್ ಹಂಚಿದ್ದನ್ನು ನಾನು ಇನ್ನೂ ಹೆಚ್ಚಿಗೆ ಮೆಚ್ಚುತ್ತೇನೆ. ಅಲ್ಲಿ ಒಬ್ಬ ಮಗುವಿನ ಕಣ್ಣೀರಿನಿಂದ ತಲುಪಬೇಕಾದ ಕಡೆಗೆ, ಶಾಲೆ ಮುಚ್ಚಿದಾಗ ಫೋನಿಲ್ಲದ ಮಕ್ಕಳ ಗತಿಯೇನು ಎಂಬ ಪ್ರಶ್ನೆಯಿಂದಲೇ ತಲುಪಿದ್ದರು.

ಆದರೆ ಚಿಕಿತ್ಸೆಗೆ ಹಣ ಕೇಳುವ ಸಾಮಾನ್ಯ ವರದಿಗಳಲ್ಲಿ, ಅದು ಯಾವ ವಾಹಿನಿಯದಾದರೂ, ಒಂದು ಕೊರತೆ ಮತ್ತೆ ಮತ್ತೆ ಕಾಣುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಪರದೆಯ ಮೇಲೆ ಅಳುತ್ತಿರುವ ತಾಯಿ ಇವುಗಳಿಗೆ ಅರ್ಜಿ ಹಾಕಿದ್ದರೇ, ಹಾಕಿದ್ದರೆ ಎಲ್ಲಿ ನಿಂತಿತು, ಹಾಕಿಲ್ಲದಿದ್ದರೆ ಯಾರೂ ಏಕೆ ಹೇಳಲಿಲ್ಲ? ಈ ಮೂರು ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಅದರ ಬದಲು ಬ್ಯಾಂಕ್ ಖಾತೆಯ ಸಂಖ್ಯೆ ಮೂಡುತ್ತದೆ, ಕಥೆ ಮುಗಿಯುತ್ತದೆ. ಎಷ್ಟು ಹಣ ಬಂತು, ಮಗು ಹೇಗಿದೆ ಎಂದು ಆಮೇಲೆ ತಿಳಿಯುವುದು ತೀರ ಅಪರೂಪ. ಮಿಕ್ಸಿ ಮಾರಿದ ಅಂಗಡಿಯವನು ಜಾರು ಒಡೆದಾಗ ಫೋನ್ ಎತ್ತದಿದ್ದರೆ ನಾವು ಅವನಿಗೆ ಎಷ್ಟು ಅಂಕ ಕೊಡುತ್ತೇವೆ?

ಕೊಳವೆಬಾವಿಯ ನೇರ ಪ್ರಸಾರಗಳಲ್ಲಿ ಈ ಕೊರತೆ ಅತಿ ದುಬಾರಿಯಾಗಿದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬಿರದ ಮಗುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತ ಎತ್ತಿದ ಗಳಿಗೆಯನ್ನು ಮರೆಯಲು ಸಾಧ್ಯವಿಲ್ಲ. ನಮ್ಮ ಮನೆಯಲ್ಲಿ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಆದರೆ 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಆರು ವರ್ಷದ ಹುಡುಗಿ ಬದುಕಲಿಲ್ಲ, ಅದನ್ನೂ ಇದೇ ರೀತಿ ಎರಡು ದಿನಕ್ಕೂ ಮಿಕ್ಕಿ ನೋಡಿದ್ದೆವು. ಕೊಳವೆಬಾವಿಯ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು ಇಲ್ಲವೇ ಗಟ್ಟಿ ಮುಚ್ಚಳ ಬಿಗಿಯಬೇಕು, ಕೊರೆಯುವಾಗ ಸುತ್ತ ಬೇಲಿ ಇರಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅಷ್ಟು ಗಂಟೆಗಳ ಪ್ರಸಾರದಲ್ಲಿ ಈ ನಿಯಮಗಳನ್ನು ಒಂದು ಸಲ ಗ್ರಾಫಿಕ್ಸಿನಲ್ಲಿ ತೋರಿಸಿದ್ದರೂ, ವಿಜಯಪುರದ ಕಡೆ ಹತ್ತು ರೈತರಾದರೂ ಎದ್ದು ಹೋಗಿ ತಮ್ಮ ಬಾವಿಯ ಬಾಯಿ ನೋಡಿಕೊಂಡು ಬರುತ್ತಿದ್ದರೇನೋ. ಆಂಬುಲೆನ್ಸ್ ಹೊರಟ ಮೇಲೆ ನೇರ ಪ್ರಸಾರದ ಒಬಿ ವ್ಯಾನೂ ಹೊರಟಿತು.

ಈಗ ನಾನು ಹತ್ತಿರದಿಂದ ಕಂಡದ್ದನ್ನು ಹೇಳಬೇಕು. ನಮ್ಮ ಬೀದಿಯ ಕೊನೆಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವರೊಬ್ಬರಿದ್ದಾರೆ. ಅವರ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ಅಂಕ ತೆಗೆದಳು. ಫಲಿತಾಂಶದ ಮಧ್ಯಾಹ್ನವೇ ಒಂದು ವಾಹಿನಿಯವರು ಬಂದರು. ಸಂಭ್ರಮಕ್ಕೆಂದು ಆತ ಹಬ್ಬದ ಬಿಳಿ ಅಂಗಿ ತೊಟ್ಟಿದ್ದರು, ಗಾಡಿಗೆ ರಜೆ ಹಾಕಿದ್ದರು. ಕ್ಯಾಮೆರಾದವನು ಅಂಗಿ ನೋಡಿ ತಲೆಯಾಡಿಸಿದ. ದಿನಾ ಹಾಕುವುದನ್ನೇ ಹಾಕಿಕೊಂಡು ಬನ್ನಿ, ಪೆಟ್ಟಿಗೆಗೆ ಕೆಂಡ ತುಂಬಿ ಎಂದ. ಮೇ ತಿಂಗಳ ಬಿಸಿಲಿನಲ್ಲಿ, ಒಗೆಯದ ಹಳೆಯ ಅಂಗಿಯಲ್ಲಿ, ಯಾರದೂ ಅಲ್ಲದ ಒಂದು ಬಟ್ಟೆಯ ಮೇಲೆ ಆತ ಪೆಟ್ಟಿಗೆ ಎಳೆದರು. ತಾಯಿ ಮಗಳ ಬಾಯಿಗೆ ಪೇಡ ಇಡುವ ದೃಶ್ಯ ಮೂರು ಸಲ ನಡೆಯಿತು. ಮೂರನೆಯ ಸಲಕ್ಕೆ ಪೇಡ ಮುಗಿದು ಬೆಲ್ಲದ ಚೂರು ತಂದರು.

ಮೈಕು ಹಿಡಿದ ಹುಡುಗ ‘ಅಪ್ಪನ ಕಷ್ಟ ನೋಡಿ ಏನನ್ನಿಸುತ್ತಿತ್ತು?’ ಎಂದು ಕೇಳಿದ. ಅವಳು ಉತ್ತರಿಸಿ, ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದಳು: ತಮ್ಮ ಶಾಲೆಯಲ್ಲಿ ಡಿಸೆಂಬರ್‌ವರೆಗೆ ವಿಜ್ಞಾನಕ್ಕೆ ಮೇಷ್ಟ್ರೇ ಇರಲಿಲ್ಲ, ಗಣಿತದ ಮೇಡಂ ಸಂಜೆ ಉಳಿದು ಎರಡನ್ನೂ ಹೇಳಿಕೊಟ್ಟರು, ಇಲ್ಲದಿದ್ದರೆ ತರಗತಿಯಲ್ಲಿ ಅರ್ಧಕ್ಕರ್ಧ ಜನ ಫೇಲಾಗುತ್ತಿದ್ದರು. ಬೀದಿಯವರೆಲ್ಲ ಇದನ್ನು ಕೇಳಿದೆವು. ರಾತ್ರಿ ಪ್ರಸಾರವಾದ ಎರಡು ನಿಮಿಷದ ಪ್ಯಾಕೇಜಿನಲ್ಲಿ ಕೆಂಡವಿತ್ತು, ಬೆವರಿತ್ತು, ಬೆಲ್ಲವಿತ್ತು. ಮೇಷ್ಟ್ರಿಲ್ಲದ ಮಾತು ಇರಲಿಲ್ಲ, ಮೇಡಂ ಕೂಡ ಇರಲಿಲ್ಲ. ನೇರ ಕರೆಯಲ್ಲಿ ಒಬ್ಬರು ಮಹನೀಯರು ತಮ್ಮ ಕಾಲೇಜಿನಲ್ಲಿ ಉಚಿತ ಸೀಟು ಎಂದು ಘೋಷಿಸಿದರು, ಆಂಕರ್ ಕೈಮುಗಿದರು, ನಾವು ಚಪ್ಪಾಳೆ ಹೊಡೆದೆವು. ಹೋಗಿ ವಿಚಾರಿಸಿದಾಗ ಬೋಧನಾ ಶುಲ್ಕ ಮಾತ್ರ ಉಚಿತ, ಉಳಿದದ್ದನ್ನು ಕಟ್ಟಲೇಬೇಕು ಎಂದರು. ಆ ಉಳಿದದ್ದು ಇಸ್ತ್ರಿ ಗಾಡಿಯ ಲೆಕ್ಕಕ್ಕೆ ಸಿಗುವಂಥದ್ದಾಗಿರಲಿಲ್ಲ. ವಾಹಿನಿಗೆ ಫೋನ್ ಮಾಡಿದರೆ, ಆ ವರದಿಗಾರ ಬೇರೆ ಅಸೈನ್‌ಮೆಂಟಿನಲ್ಲಿದ್ದಾರೆ ಎಂದರು. ಹುಡುಗಿ ಸರ್ಕಾರಿ ಪಿಯು ಕಾಲೇಜು ಸೇರಿದಳು.

ವರದಿಗಾರನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಮೂರು ಸ್ಟೋರಿ ಕಳಿಸಬೇಕಾದ ಹುಡುಗ, ಅವನ ಸಂಬಳವೂ ಕಥೆಯಾಗಬಹುದಾದಷ್ಟೇ ಇರುತ್ತದೆ. ಸಿಟ್ಟು ಆ ಕತ್ತರಿಯ ಮೇಲೆ. ಒಬ್ಬ ಮಗಳ ಗೆಲುವನ್ನು ಇಡೀ ಶಾಲೆಯ ಸುದ್ದಿಯಾಗಿಸಬಲ್ಲ ಒಂದೇ ವಾಕ್ಯವನ್ನು ಅವಳೇ ಕೈಗೆ ಕೊಟ್ಟಿದ್ದಳು, ಅದನ್ನು ಎಡಿಟಿಂಗ್ ಮೇಜಿನ ಕೆಳಗೆ ಚೆಲ್ಲಿದರು.

ಇಷ್ಟೆಲ್ಲ ಹೇಳಿದ ಮೇಲೂ ಈ ಸೇವೆಯನ್ನು ನಿಲ್ಲಿಸಿ ಎನ್ನಲಾರೆ. ಇದಿಲ್ಲದ ಸುದ್ದಿ ಬರೀ ಕಿರುಚಾಟವಾಗುತ್ತದೆ. ನೋಡುವವರಿಗೆ ನನ್ನದೊಂದು ಉಪಾಯವಿದೆ: ಸದ್ದನ್ನು ಪೂರ್ತಿ ಮ್ಯೂಟ್ ಮಾಡಿ ನೋಡಿ. ಕೊಳಲಿಲ್ಲದೆಯೂ ಆ ಮುಖ ನಿಮ್ಮನ್ನು ಹಿಡಿದು ಕೂರಿಸಿದರೆ ಒಳ್ಳೆಯ ವರದಿಗಾರನ ಕೈ ಅದರಲ್ಲಿದೆ, ಸದ್ದು ಹಾಕಿ ಮತ್ತೊಮ್ಮೆ ನೋಡಬಹುದು. ದೂರದರ್ಶನ ಚಂದನದ ಸಾಧಕರ ಪರಿಚಯಗಳು ನಿಧಾನ, ಕೆಲವೊಮ್ಮೆ ನಿದ್ದೆ ಬರಿಸುತ್ತವೆ. ಆದರೂ ಅಲ್ಲಿ ರೈತ ತನ್ನ ಆಡುಮಾತಿನಲ್ಲಿ ಒಂದು ವಿಷಯವನ್ನು ಶುರುಮಾಡಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕುವುದಿಲ್ಲವಾದ್ದರಿಂದ ನನ್ನ ಮತ ಅದಕ್ಕೆ. ಐದಕ್ಕೆ ಅಂಕ ಕೊಡಿ ಎಂದರೆ ಖಾಸಗಿ ವಾಹಿನಿಗಳ ಈ ಕಥೆಗಳಿಗೆ ಎರಡೂವರೆ ಕೊಡುತ್ತೇನೆ; ಅದರಲ್ಲಿ ಒಂದೂವರೆ ಹಾಜಬ್ಬನವರಂಥವರನ್ನು ನಮ್ಮ ಮನೆಯೊಳಗೆ ಕರೆತಂದದ್ದಕ್ಕೆ.

ಅಂದಹಾಗೆ, ಈ ವರ್ಷ ಫಲಿತಾಂಶದ ದಿನ ಇಸ್ತ್ರಿಯವರಿಗೆ ಆ ವಾಹಿನಿಯಿಂದ ಕೊನೆಗೂ ಫೋನ್ ಬಂದಿತ್ತು. ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಲಿಲ್ಲವಂತೆ. ನಿಮ್ಮ ಕಡೆ ಈ ಸಲ ಅಂಥವರು ಬೇರೆ ಯಾರಾದರೂ ಇದ್ದಾರೆಯೇ, ನಂಬರ್ ಇದ್ದರೆ ಕೊಡಿ ಎಂದರಂತೆ.