52,000 ರೂಪಾಯಿಗೆ ಒಂದು ಡಬ್ಬಿ ಕೆಂಪು ಬಣ್ಣ: ಬಳ್ಳಾರಿಯಲ್ಲಿ ಕಾರಿನ ಸಸ್ಪೆನ್ಷನ್ ಬದಲಾಯಿಸುವವರು ಓದಿ

ಮೊದಲು ಒಂದು ಮಾತು, ಆಮೇಲೆ ಕಥೆ. ಕಾರಿನ ಸಸ್ಪೆನ್ಷನ್ ಬದಲಾಯಿಸಿದ ದಿನ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಎಲ್ಲವನ್ನೂ, ಬೋಲ್ಟ್, ರಬ್ಬರ್ ಬುಷ್ ಸಮೇತ. ಗೋಣಿಚೀಲದಲ್ಲಿ ಕಟ್ಟಿಸಿ ಡಿಕ್ಕಿಯಲ್ಲಿ ಹಾಕಿಸಿಕೊಂಡೇ ಮನೆಗೆ ಬನ್ನಿ. ನಾನು ಕೇಳಲಿಲ್ಲ. ಕೇಳಲಿಲ್ಲ ಎನ್ನುವುದೂ ಸುಳ್ಳು. ಕೇಳಿದೆ, ಅಂಗಡಿಯವನು ಕೊಟ್ಟ ಉತ್ತರಕ್ಕೆ ತಲೆಯಾಡಿಸಿ ಬಂದೆ. ಆ ತಲೆಯಾಟದ ಬೆಲೆ 52,000 ರೂಪಾಯಿ.

ಬರೆಯಲು ನಾಚಿಕೆಯಾಗುತ್ತದೆ, ಏಕೆಂದರೆ ನನ್ನ ಕಸುಬೇ ಬಣ್ಣದ್ದು. ಜೀನ್ಸ್ ಹೊಲಿಸುತ್ತೇನೆ, ವಾಷಿಂಗ್‌ಗೆ ಕಳುಹಿಸುತ್ತೇನೆ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದರೆ ಎಷ್ಟು ಔನ್ಸ್ ಎಂದು ಹೇಳುತ್ತೇನೆ. ಹೊಸ ಪ್ಯಾಂಟನ್ನು ಹಳೆಯದರಂತೆ ಕಾಣಿಸುವುದು ನಮ್ಮ ದಿನದ ಕೆಲಸ. ಹಳೆಯದನ್ನು ಹೊಸದರಂತೆ ಕಾಣಿಸುವವನು ಎದುರಿಗೇ ನಿಂತಾಗ ಮಾತ್ರ ನನಗೆ ಗುರುತಾಗಲಿಲ್ಲ. ನಮ್ಮ ಘಟಕದ ಹುಡುಗರಿಗೆ ವಿಷಯ ತಿಳಿದಿದೆ. ನನ್ನನ್ನು ಕಂಡಾಗ ನಗು ತಡೆದುಕೊಳ್ಳುತ್ತಾರೆ, ಅದೂ ನನಗೆ ಕಾಣುತ್ತದೆ.

ಕಾರು 2016ರ ಡೀಸೆಲ್ ಹ್ಯಾಚ್‌ಬ್ಯಾಕ್, 1,10,000 ಕಿಲೋಮೀಟರ್ ಓಡಿದೆ. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲನ್ನು ದಾಟಲು ಸ್ಟೀರಿಂಗ್ ತಿರುಗಿಸಿದರೆ ಗಾಡಿ ದೋಣಿಯಂತೆ ವಾಲುತ್ತಿತ್ತು. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ತಿರುವುಗಳಲ್ಲಂತೂ ನಮ್ಮ ಅತ್ತೆಯವರು ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಕೂರುತ್ತಿದ್ದರು. ದೀಪಾವಳಿ ಮುಗಿದ ವಾರ, ಇದಕ್ಕೊಂದು ಗತಿ ಕಾಣಿಸಬೇಕು ಎಂದು ಊರಿನ ಒಂದು ಅಂಗಡಿಗೆ ಹೋದೆ. ಹೆಸರು ಬರೆಯುವುದಿಲ್ಲ, ವಕೀಲರು ಬೇಡ ಎಂದಿದ್ದಾರೆ. ಕಾರುಗಳಿಗೆ ದಪ್ಪ ಟೈರು, ಬಣ್ಣದ ಸ್ಪ್ರಿಂಗ್, ಗುಡುಗುವ ಸೈಲೆನ್ಸರ್ ಹಾಕುವ ಅಂಗಡಿ ಎಂದಷ್ಟು ತಿಳಿದುಕೊಳ್ಳಿ.

ಹುಡುಗ ಮೂವತ್ತರೊಳಗಿನವನು. ಮಾತು ಬೆಣ್ಣೆ. "ಅಣ್ಣಾ, ನಿಮ್ಮ ಗಾಡಿಯ ಸ್ಟೆಬಿಲೈಜರ್ ಬಾರ್ 20 ಮಿಲಿಮೀಟರ್. ನಾನು 24 ಹಾಕುತ್ತೇನೆ. ನಾಲ್ಕೇ ಮಿಲಿಮೀಟರ್ ಎಂದುಕೊಳ್ಳಬೇಡಿ, ಗಟ್ಟಿತನ ಎರಡರಷ್ಟು" ಎಂದ. ಎಡ, ಬಲ ಚಕ್ರಗಳ ನಡುವೆ ಅಡ್ಡಲಾಗಿ ಕೂತು, ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಉಕ್ಕಿನ ಸರಳು ಅದು. ಮನೆಗೆ ಬಂದು ಲೆಕ್ಕ ಹಾಕಿದೆ. ನಿಜ. ಸರಳಿನ ತಿರುಚುವಿಕೆಯ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 24ನ್ನು 20ರಿಂದ ಭಾಗಿಸಿದರೆ 1.2, ಅಂಥ ನಾಲ್ಕನ್ನು ಒಂದಕ್ಕೊಂದು ಗುಣಿಸಿದರೆ 2.07. ಅಲ್ಲಿಗೆ ನನ್ನ ಅನುಮಾನವೆಲ್ಲ ಕರಗಿತು. ಲೆಕ್ಕ ಸರಿಯಿದ್ದವನ ಸಾಮಾನೂ ಸರಿಯಿರುತ್ತದೆ ಎಂದುಕೊಂಡೆ. ವ್ಯಾಪಾರ ಮಾಡುವವನು ಹೀಗೆ ಯೋಚಿಸಬಹುದೇ? ಯೋಚಿಸಿದೆ.

ಬಾರ್ 16,000, ತಗ್ಗಿಸುವ ಸ್ಪ್ರಿಂಗ್ ನಾಲ್ಕಕ್ಕೆ 14,000, ಶಾಕ್ ಅಬ್ಸಾರ್ಬರ್ ನಾಲ್ಕಕ್ಕೆ 18,000, ಬುಷ್, ಬಾರನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್, ಕೂಲಿ ಸೇರಿ 4,000. ಬಿಲ್ಲು ಕೇಳಿದಾಗ "ಬಿಲ್ಲು ಬೇಕಾದರೆ ಜಿಎಸ್‌ಟಿ 18 ಪರ್ಸೆಂಟ್ ಮೇಲೆ ಬೀಳುತ್ತದೆ ಅಣ್ಣಾ, ನಮ್ಮೊಳಗೆ ಯಾಕೆ" ಎಂದ. ನಾನೂ ಸುಮ್ಮನಾದೆ. ಸುಮ್ಮನಾದದ್ದು ನನ್ನ ಜಿಪುಣತನ, ಅದನ್ನು ಅವನ ತಲೆಗೆ ಕಟ್ಟುವುದಿಲ್ಲ. 30,000 ಮುಂಗಡವನ್ನು ಅವನ ಭಾವಮೈದುನನ ಮೊಬೈಲ್ ಸಂಖ್ಯೆಗೆ ಹಾಕಿದೆ.

ಅದಕ್ಕೂ ಮೊದಲು ಬಾರ್ ತೋರಿಸಿದ. ಉದ್ದನೆಯ ಡಬ್ಬಿ, ಒಳಗೆ ಪ್ಲಾಸ್ಟಿಕ್ ಸುತ್ತಿದ ಕೆಂಪು ಸರಳು, ಎರಡು ತುದಿಯಲ್ಲಿ ಚಪ್ಪಟೆ ಕಿವಿ. ಎರಡು ಕೈಯಲ್ಲಿ ಎತ್ತಿ ನೋಡಿದೆ. ಭಾರವಿತ್ತು. ಅದನ್ನು ಹಿಡಿದುಕೊಂಡು ಫೋಟೊ ಕೂಡ ತೆಗೆಸಿಕೊಂಡೆ, ಮದುವೆ ಮನೆಯಲ್ಲಿ ಬೆಳ್ಳಿ ದೀಪ ಹಿಡಿದು ನಿಂತವರಂತೆ.

ಎರಡು ದಿನ ಬಿಟ್ಟು ಹೋದೆ. ಗಾಡಿ ಎರಡು ಬೆರಳು ತಗ್ಗಿತ್ತು. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ತೋರಿಸಿದ: ಕೆಂಪು ಬಾರ್, ಹಳದಿ ಸ್ಪ್ರಿಂಗ್, ಕಪ್ಪಗೆ ಮಿಂಚುವ ಶಾಕ್. ಉಳಿದ 22,000 ಕೊಟ್ಟೆ. ಆಗ ಕೇಳಿದೆ, "ಹಳೆಯ ಸಾಮಾನು ಎಲ್ಲಿ ತಮ್ಮಾ?"

"ಗುಜರಿಗೆ ಹಾಕಿದೆವು ಅಣ್ಣಾ. ನಿಮಗೆ ಆ ಕಸ ಏಕೆ?"

ಈ ಒಂದು ವಾಕ್ಯವನ್ನು ನಾನು ಮೂರು ವಾರಗಳಿಂದ ಮಲಗಿದಲ್ಲಿ ಎದ್ದಲ್ಲಿ ಕೇಳಿಸಿಕೊಳ್ಳುತ್ತಿದ್ದೇನೆ. ಹಳೆಯ ಸಾಮಾನನ್ನು ಅವನು ಕೊಡುವುದಾದರೂ ಹೇಗೆ? ಅದು ನನ್ನ ಗಾಡಿಯೊಳಗೇ ಇತ್ತು.

ಮೊದಲ ವಾರ ಖುಷಿ. ಮನಸ್ಸು ದುಡ್ಡು ಕೊಟ್ಟಿದೆಯಲ್ಲ, ತಿರುವಿನಲ್ಲಿ ಗಾಡಿ ಬಿಗಿಯಾದಂತೆ ಅನಿಸಿತು. ಎರಡನೆಯ ವಾರದಿಂದ ಪ್ರತಿ ಹಂಪ್‌ನಲ್ಲಿ ಧಡ್ ಎಂಬ ಸದ್ದು. ಹಿಂದೆ ಕುಳಿತ ಅಪ್ಪ "ಎತ್ತಿನ ಗಾಡಿಗೆ ಇಷ್ಟು ದುಡ್ಡೇ?" ಎಂದರು. ಫೋನ್ ಮಾಡಿದೆ.

"ಹೊಸ ಸಾಮಾನು ಅಣ್ಣಾ, ಹೊಂದಿಕೊಳ್ಳಲು ಸಾವಿರ ಕಿಲೋಮೀಟರ್ ಬೇಕು."

ಸಾವಿರ ಓಡಿಸಿದೆ. ಮತ್ತೆ ಫೋನ್. "ಬಾರ್ ದಪ್ಪ ಆಗಿದೆಯಲ್ಲ ಅಣ್ಣಾ, ಹಂಪ್ಸ್‌ನಲ್ಲಿ ಬಿಗಿ ಅನಿಸುವುದು ಸಹಜ. ಇದಕ್ಕೇ ಸ್ಪೋರ್ಟ್ಸ್ ಎನ್ನುವುದು." ಮೂರನೆಯ ಸಲ: "ಬಳ್ಳಾರಿಯ ರಸ್ತೆ ಹಾಗಿದ್ದರೆ ನಾನೇನು ಮಾಡಲಿ?" ನಾಲ್ಕನೆಯ ಸಲ ಎತ್ತಲಿಲ್ಲ.

ಈ ನಡುವೆ ಗಾಡಿ ತೊಳೆಯುವ ಹುಡುಗ "ಸಾರ್, ಕೆಳಗಿನಿಂದ ಕೆಂಪಗೆ ಚಕ್ಕೆ ಬೀಳುತ್ತಿದೆ" ಎಂದಿದ್ದ. ತೋರಣಗಲ್ಲು, ಸಂಡೂರು ಸುತ್ತುವ ಯಾವ ಗಾಡಿಯನ್ನು ತೊಳೆದರೂ ನೀರು ಕೆಂಪೇ. ಅದಿರಿನ ಧೂಳಪ್ಪಾ, ಒರೆಸು ಎಂದು ಅವನಿಗೇ ಬುದ್ಧಿ ಹೇಳಿದೆ. ಧೂಳು ಚಕ್ಕೆಯಾಗಿ ಬೀಳುವುದಿಲ್ಲ ಎಂಬುದು ಹದಿನೆಂಟರ ಹುಡುಗನಿಗೆ ತಿಳಿದಿತ್ತು.

ಮುಂದಿನ ಎರಡೂ ಟೈರುಗಳ ಒಳ ಅಂಚು ಬೋಳಾದದ್ದನ್ನು ಕಂಡ ಮೇಲೆ ಕೌಲ್ ಬಜಾರಿನ ಹಳೆಯ ಮೆಕ್ಯಾನಿಕ್ ಚಾಚಾ ಹತ್ತಿರ ಹೋದೆ. ನಮ್ಮ ಅಪ್ಪನ ಕಾಲದಿಂದ ಅಂಬಾಸಿಡರ್ ಬಿಚ್ಚಿದ ಕೈ. ಹಂಪ್ಸ್ ಮತ್ತು ದಪ್ಪ ಬಾರ್‌ನ ಕಥೆ ಹೇಳಿದೆ. ಅವರು ನಕ್ಕರು. "ಬೇಟಾ, ಎರಡೂ ಚಕ್ರ ಒಟ್ಟಿಗೆ ಏರಿದರೆ ಆ ಸರಳಿಗೆ ಏನು ಕೆಲಸ? ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ. ಒಂದು ಚಕ್ರ ಏರಿ ಇನ್ನೊಂದು ಇಳಿದರೆ ಮಾತ್ರ ಅದು ತಿರುಚಿಕೊಂಡು ಗಾಡಿಯನ್ನು ಹಿಡಿಯುವುದು. ಧಡ್ ಎನ್ನುವುದಕ್ಕೆ ಬೇರೆ ಏನೋ ಇದೆ." ರಸ್ತೆಗೆ ಅಡ್ಡಲಾಗಿ ಇರುವ ಹಂಪ್‌ಗೆ ಎರಡೂ ಚಕ್ರ ಒಟ್ಟಿಗೇ ಏರುತ್ತವೆ ಎಂಬುದು ನಾಲ್ಕನೇ ಘಾತದ ಲೆಕ್ಕ ಹಾಕಿದ ನನ್ನ ತಲೆಗೆ ಹೊಳೆದಿರಲಿಲ್ಲ.

ಗಾಡಿ ಎತ್ತಿಸಿದರು. ಬಾರ್‌ನ ಮೇಲೆ ಹೆಬ್ಬೆರಳ ಉಗುರು ಎಳೆದರು. ಕೆಂಪು ಸುರುಳಿ ಎದ್ದು ಬಂತು, ಈರುಳ್ಳಿ ಸಿಪ್ಪೆಯಂತೆ. ಕೆಳಗೆ ಕಪ್ಪು. ಕಪ್ಪಿನ ಮೇಲೆ ತುಕ್ಕಿನ ಚುಕ್ಕಿ. ದಪ್ಪ ಅಳೆಯುವ ವರ್ನಿಯರ್ ಹಿಡಿದು ನನ್ನನ್ನೇ ಓದು ಎಂದರು. ಕೆರೆದ ಜಾಗದಲ್ಲಿ 20. ಇನ್ನೊಂದು ಕಡೆ ಹಿಡಿದೆವು, 20. ನಡುವೆ ಹಿಡಿದೆವು, 20. ನಾಲ್ಕನೆಯ ಸಲ ಹಿಡಿಯಲು ಹೋದಾಗ ಚಾಚಾ ಕೈ ಹಿಡಿದು "ಸಾಕು ಬೇಟಾ, ಅದು ಬೆಳೆಯುವುದಿಲ್ಲ" ಎಂದರು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಹೊಟ್ಟೆ ಉರಿಯುತ್ತದೆ. ಸ್ಪ್ರಿಂಗ್‌ಗಳು ನನ್ನವೇ. ಒಂದೊಂದು ಸುತ್ತನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ ಹಳದಿ ಬಳಿದಿದ್ದಾನೆ. ಗಾಡಿ ತಗ್ಗಿದ್ದು ಹೀಗೆ. ಶಾಕ್‌ಗೆ ಇಳಿಯಲು ಜಾಗವಿಲ್ಲದೆ ತಡೆ ರಬ್ಬರ್‌ಗೆ ಬಡಿಯುತ್ತಿತ್ತು, ಧಡ್ ಎಂದದ್ದು ಅದು. ಮುಂದಿನ ಎರಡು ಶಾಕ್ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿದ ಹಳೆಯವು, ಒಂದು ಆಗಲೇ ಸೋರುತ್ತಿತ್ತು. ತಗ್ಗಿಸಿದ ಮೇಲೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಲ್ಲ, ಟೈರು ತಿಂದದ್ದು ಅದಕ್ಕೆ. ಹಿಂದಿನ ಎರಡು ಶಾಕ್ ಮಾತ್ರ ಹೊಸವು. ಅಗ್ಗದವು, ಆದರೆ ಹೊಸವು. ಅಷ್ಟು ಮಾತ್ರ ಅವನ ಪುಣ್ಯದ ಖಾತೆಗೆ.

ಇನ್ನೂ ಉರಿಯುವ ಸಂಗತಿ ಎಂದರೆ ನನಗೆ ದಪ್ಪ ಬಾರ್ ಬೇಕಾಗಿಯೇ ಇರಲಿಲ್ಲ. ಹಳೆಯ ಬಾರ್‌ನ ಬುಷ್ ಸವೆದು ಸಡಿಲವಾಗಿತ್ತು, ಲಿಂಕ್ ರಾಡ್‌ನ ಗುಂಡು ಅಲ್ಲಾಡುತ್ತಿತ್ತು, ಶಾಕ್ ಸತ್ತಿದ್ದವು. ಗಾಡಿ ವಾಲುತ್ತಿದ್ದದ್ದು ಅದಕ್ಕೇ. ಮುಂದಿನ ಬಾರನ್ನು ಮಾತ್ರ ಅಷ್ಟು ಬಿಗಿ ಮಾಡಿದ್ದರೆ ತಿರುವಿನಲ್ಲಿ ಮೂತಿ ಹೊರಗೆ ಎಳೆಯುತ್ತಿತ್ತು ಎಂದು ಚಾಚಾ ಹೇಳಿದರು. ಒಂದು ಲೆಕ್ಕದಲ್ಲಿ ಮೋಸವೇ ನನ್ನನ್ನು ಕಾಪಾಡಿದೆ!

ಮರುದಿನ ಅಂಗಡಿಗೆ ಹೋದೆ. ಅಲ್ಲಿ ಇನ್ನೊಬ್ಬ ಗಿರಾಕಿ ಕೆಂಪು ಬಾರನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಅದೇ ಡಬ್ಬಿ. ನನ್ನ ಫೋಟೊದಲ್ಲಿ ಎಡಗಡೆಯ ಕಿವಿಯ ಬಳಿ ಬಿಳಿ ಗೀರು ಇದೆ. ಅವನ ಕೈಯಲ್ಲಿದ್ದ ಬಾರ್‌ನಲ್ಲೂ ಎಡಗಡೆ ಅದೇ ಗೀರು. ಅದೊಂದು ಬಾರ್ ಎಷ್ಟು ಜನರ ಕೈ ಕಂಡಿದೆಯೋ, ಯಾವ ಗಾಡಿಯನ್ನೂ ಕಂಡಿಲ್ಲ.

ನಾನು ಫೋಟೊ ತೋರಿಸಿದೆ. ಗಿರಾಕಿ ಮೆಲ್ಲಗೆ ಬಾರ್ ಕೆಳಗಿಟ್ಟ. ಅಂಗಡಿಯವನಿಗೆ ಬೆವರೂ ಬರಲಿಲ್ಲ. "ಅಣ್ಣಾ, ಕಂಪನಿಯವರೇ ತಪ್ಪು ಸಾಮಾನು ಕಳುಹಿಸಿರಬೇಕು." ಕಂಪನಿಯವರು ತುಕ್ಕು ಹಿಡಿದದ್ದನ್ನು ಕಳುಹಿಸುತ್ತಾರೆಯೇ ಎಂದರೆ "ಗೋದಾಮಿನಲ್ಲಿ ತೇವ ಇರುತ್ತದೆ" ಎಂದ. ಬಳ್ಳಾರಿಯ ಬಿಸಿಲಿನಲ್ಲಿ ನಿಂತು ನನಗೆ ತೇವದ ಕಥೆ ಹೇಳಿದ. ದೂರು ಕೊಡುತ್ತೇನೆ ಎಂದೆ. ಆಗ ದನಿ ಬದಲಾಯಿತು. "ಕೊಡಿ. ಗಾಡಿ ಬದಲಾಯಿಸಿದ ಮಾಲೀಕನಿಗೇ ಮೊದಲು ದಂಡ ಬೀಳುವುದು. ಕಾನೂನು ಗೊತ್ತಿದೆಯೇ?"

ಹೆದರಿ ಮನೆಗೆ ಬಂದೆ, ಒಪ್ಪಿಕೊಳ್ಳುತ್ತೇನೆ. ವಕೀಲರನ್ನು ಕೇಳಿದರೆ ಆ ಕಲಂ ನಿಜವಾಗಿಯೂ ಇದೆ. ಮೋಟಾರು ವಾಹನ ಕಾಯ್ದೆಯ 182ಎ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಒಂದೊಂದಕ್ಕೆ 5,000 ರೂಪಾಯಿ, ಆರು ತಿಂಗಳವರೆಗೆ ಸಜೆಯೂ ಆಗಬಹುದು. ಆಮೇಲೆ ವಕೀಲರೇ ನಕ್ಕರು: "ನಿಮ್ಮ ಬಾರ್ ಬದಲಾಗಿಯೇ ಇಲ್ಲವಲ್ಲ!" ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಬಿಲ್ಲು ಇಲ್ಲದಿದ್ದರೂ ಹಣ ಹಾಕಿದ ದಾಖಲೆ ಮೊಬೈಲ್‌ನಲ್ಲಿದೆ, ಫೋಟೊ ಇದೆ ಎಂದರು. ಅರ್ಜಿ ಬರೆಸುತ್ತಿದ್ದೇನೆ. ಈ ಸುದ್ದಿ ಹೇಗೋ ತಲುಪಿ, ಭಾವಮೈದುನನ ಸಂಖ್ಯೆಯಿಂದಲೇ 6,000 ವಾಪಸು ಬಂತು.

ಚಾಚಾ ಹೊಸ ಸ್ಪ್ರಿಂಗ್, ಮುಂದಿನ ಶಾಕ್, ಬುಷ್, ಲಿಂಕ್ ರಾಡ್ ಹಾಕಿ, ಅಲೈನ್‌ಮೆಂಟ್ ಮಾಡಿಸಿ 23,000 ತೆಗೆದುಕೊಂಡರು. ಬುಷ್‌ನ ಬೋಲ್ಟ್‌ಗಳನ್ನು ಗಾಡಿ ಇಳಿಸಿ ಚಕ್ರದ ಮೇಲೆ ನಿಂತ ಮೇಲೆಯೇ ಬಿಗಿ ಮಾಡಿದರು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದಂತೆ. ಹಳೆಯ ಸಾಮಾನನ್ನು ಕೇಳುವ ಮೊದಲೇ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟಿದ್ದರು. ಬಾರ್ ಅದೇ 20 ಮಿಲಿಮೀಟರಿನದು, ಕೆಂಪು ಕೆರೆಯಲು ಹೋಗಲಿಲ್ಲ. ಅತ್ತೆಯವರು ಈಗ ನಿಂಬೆಹಣ್ಣು ತರುವುದಿಲ್ಲ.

ಹೋಗುವುದಾದರೆ ವರ್ನಿಯರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾರ್ ಗಾಡಿಗೆ ಏರುವಾಗ ಪಕ್ಕದಲ್ಲೇ ನಿಲ್ಲಿ, ಚಹಾ ಕುಡಿಯಲು ಕರೆದರೆ ಹೋಗಬೇಡಿ. ಬಿಲ್ಲು ತೆಗೆದುಕೊಳ್ಳಿ. ಹಳೆಯ ಸಾಮಾನು, ಮತ್ತೆ ಹೇಳುತ್ತೇನೆ, ಹಳೆಯ ಸಾಮಾನು ಕೇಳಿ.

ಇದನ್ನು ಬರೆಯುತ್ತಿರುವಾಗಲೇ ಅವನಿಂದ ಸಂದೇಶ ಬಂತು: "ಅಣ್ಣಾ, ನಮ್ಮ ಅಂಗಡಿಗೆ ಗೂಗಲ್‌ನಲ್ಲಿ ಐದು ನಕ್ಷತ್ರ ಕೊಡಿ, ಉಳಿದ ಹಣದ ಬಗ್ಗೆ ಕುಳಿತು ಮಾತನಾಡೋಣ." ಅದನ್ನೂ ವಕೀಲರಿಗೆ ಕಳುಹಿಸಿದ್ದೇನೆ.